ಅಬ್ಬಾರ ತಲೆಯಲ್ಲಿರುವ ಖಾತೆ

ಲೆಡ್ಜರ್‌ನಲ್ಲಿ ಗಿರಾಕಿಯ ಹೆಸರು, ತಾರೀಖು, ಬಾಕಿ ಇರುತ್ತದೆ. ದೇವರ ಹಿಪ್ಪರಗಿಯ ನಮ್ಮ ಕಿರಾಣಿ ಅಂಗಡಿ ನಡೆಯುವುದು ಮಾತ್ರ ಅಬ್ಬಾರ ತಲೆಯಲ್ಲಿರುವ ಖಾತೆಯಿಂದ: ಇವರದು ತೊಗರಿ ಹೊಲ, ತೊಗರಿ ರಾಶಿ ಜನವರಿಗೆ, ಉದ್ರಿ ತೀರುವುದೂ ಆಗಲೇ. ಹೋದ ವರ್ಷ ಅಬ್ಬಾ ಆಸ್ಪತ್ರೆಯಲ್ಲಿದ್ದಾಗ ಯಾರಿಗೆ ಉದ್ರಿ ಕೊಡಬೇಕೆಂದು ಭಾಯಿಜಾನ್‌ಗೆ ತಿಳಿಯಲಿಲ್ಲ.

1969ರಲ್ಲಿ ಕಾಲಿನ್ಸ್ ಮತ್ತು ಕ್ವಿಲಿಯನ್ ಎಂಬ ಸಂಶೋಧಕರು ಜ್ಞಾನವನ್ನು ಬಲೆಯಂತೆ ತೋರಿಸಿದರು. ಕ್ಯಾನರಿ ಒಂದು ಹಕ್ಕಿ, ಹಕ್ಕಿಗೆ ರೆಕ್ಕೆ ಇದೆ. ಕ್ಯಾನರಿಗೂ ಇದೆಯೆಂದು ಬೇರೆ ಬರೆಯಬೇಕಿಲ್ಲ. ಇದೇ ಸೆಮ್ಯಾಂಟಿಕ್ ನೆಟ್‌ವರ್ಕ್. ನೌಕರರು ಬಿಟ್ಟುಹೋದರೂ ಅವರ ತಿಳಿವಳಿಕೆ ಉಳಿಯಲೆಂದು ಕಂಪನಿಗಳೂ ಇಂಥದ್ದನ್ನು ಬಳಸುತ್ತವೆ.

ನಾನು ರಫ್ ನೋಟ್‌ಬುಕ್ಕಿನಲ್ಲಿ ಶುರು ಮಾಡಿದ್ದೇನೆ. ನಮ್ಮ ಮನೆಯ 'ತೂರ್', ಗಿರಾಕಿಗಳ 'ತೊಗರಿ' ಎರಡಕ್ಕೂ ಒಂದೇ ಸುತ್ತು. ಅಲ್ಲಿ 'ಜನವರಿ' ಎಂದು ಒಮ್ಮೆ ಬರೆದರೆ ತೊಗರಿ ಬೆಳೆಯುವವರಿಗೆಲ್ಲ ಅನ್ವಯ. ಅಬ್ಬಾ ನೋಡಿ, "ಮಳೆ ಕೈಕೊಟ್ಟರೆ?" ಅಂದರು. ಆಮೇಲೆ ಪೆನ್ನು ಇಸಿದುಕೊಂಡು ತಾವೇ ಒಂದು ಗೆರೆ ಎಳೆದರು.