ಮಾತ್ರೆ ಬೇಕೋ ಬೇಡವೋ: ಏಳು ತಿಂಗಳು ತೂಗಿದ ಲೆಕ್ಕ

ಈ ಸಲ ತೋಟದ ಫೋಟೊ ಇಲ್ಲ, ಬರಹ ಮಾತ್ರ ಉದ್ದ ಇದೆ. ಅಡಿಕೆ ರೇಟು, ಎಲೆಚುಕ್ಕಿ ರೋಗ ಅಂತ ಓದೋಕೆ ಬಂದವರು ಮುಂದಿನ ವಾರ ಬನ್ನಿ, ಬೇಜಾರಿಲ್ಲ. ಇದು ನನ್ನ ತಲೆಯ ವಿಷಯ.

ನನಗೆ ಎಡಿಎಚ್‌ಡಿ ಇದೆ ಅಂತ 44ನೇ ವಯಸ್ಸಲ್ಲಿ ಗೊತ್ತಾಯ್ತು. ಅದಕ್ಕೆ ಮಾತ್ರೆ ತಗೊಳ್ಳಬೇಕೋ ಬೇಡವೋ ಅಂತ ತೀರ್ಮಾನ ಮಾಡೋಕೆ ಮತ್ತೆ ಏಳು ತಿಂಗಳು ಹಿಡೀತು. ಆ ಏಳು ತಿಂಗಳಲ್ಲಿ ಏನೇನು ತೂಗಿ ನೋಡಿದೆ ಅನ್ನೋದನ್ನ ಬರೀತಿದೀನಿ. ತೋಟ ಮಾಡೋ ಹೆಂಗಸೊಬ್ಬಳು ಕನ್ನಡದಲ್ಲಿ ಇದನ್ನ ಬರೆದದ್ದು ನಾನು ಹುಡುಕುವಾಗ ಸಿಕ್ಕಿದ್ದರೆ ಒಳ್ಳೇದಿತ್ತು ಅನ್ನಿಸಿತ್ತು, ಅದಕ್ಕೆ.

ಎಡಿಎಚ್‌ಡಿ ಅಂದರೆ ನಮ್ಮ ಕಡೆ ಕ್ಲಾಸಲ್ಲಿ ಬೆಂಚು ಹಾರೋ ಗಂಡು ಹುಡುಗರ ಸಮಾಚಾರ ಅಂತಲೇ ತಿಳಕೊಂಡಿದಾರೆ. ಹೆಣ್ಣುಮಕ್ಕಳಲ್ಲಿ ಬಹಳ ಸಲ ಅದು ಕಣ್ಣಿಗೆ ಕಾಣಲ್ಲ. ಹುಡುಗಿ ಗಲಾಟೆ ಮಾಡಲ್ಲ, ಕಿಟಕಿ ನೋಡ್ತಾ ಕೂತಿರ್ತಾಳೆ, 'ಬುದ್ಧಿ ಇದೆ, ಗಮನ ಕೊಡಲ್ಲ' ಅಂತ ಮೇಷ್ಟ್ರು ಬರೀತಾರೆ, ಮುಗೀತು. ಅಮೆರಿಕದ ಮನೋವೈದ್ಯರ ಕೈಪಿಡಿ ಒಂದಿದೆ, ನಮ್ಮ ಡಾಕ್ಟ್ರೂ ಅದನ್ನೇ ನೋಡ್ತಾರೆ. 2013ರಲ್ಲಿ ಅದನ್ನ ಪರಿಷ್ಕರಿಸಿದಾಗ ದೊಡ್ಡವರಿಗೆ ಐದು ಲಕ್ಷಣ ಇದ್ದರೆ ಸಾಕು ಅಂತ ಮಾಡಿದರು, ಮಕ್ಕಳಿಗೆ ಆರು ಬೇಕು. ಲಕ್ಷಣ ಏಳು ವರ್ಷದೊಳಗೇ ಕಂಡಿರಬೇಕು ಅಂತಿದ್ದದ್ದನ್ನ 12 ವರ್ಷ ಮಾಡಿದರು. ನಾನು ಶಾಲೆಗೆ ಹೋಗ್ತಿದ್ದ ಕಾಲಕ್ಕೆ ಈ ಹೆಸರನ್ನ ನಮ್ಮೂರಲ್ಲಿ ಯಾರೂ ಕೇಳಿರಲಿಲ್ಲ ಬಿಡಿ.

ಹಾಗಾದರೆ ಇಷ್ಟು ವರ್ಷ ಹೇಗೆ ನಡೀತು? ಉತ್ತರ ನಮ್ಮ ಮಾವ. ಬೆಳಿಗ್ಗೆ ಕಾಫಿ ಲೋಟ ಕೆಳಗಿಡೋ ಹೊತ್ತಿಗೆ ಆ ದಿನದ ಕೆಲಸ ಹೇಳಿಬಿಡ್ತಿದ್ದರು. 'ಇವತ್ತು ಮೇಲಿನ ಬಣ್ಣಕ್ಕೆ ನೀರು. ಕೊನೆಗೌಡನಿಗೆ ಫೋನು. ಸುಣ್ಣ ತರಿಸು. ಇಷ್ಟೇ.' ನಾನು ಮಾಡ್ತಿದ್ದೆ, ಚೆನ್ನಾಗೇ ಮಾಡ್ತಿದ್ದೆ. ಇವರು ಪೇಟೆಯಲ್ಲಿ ಕೆಲಸ ಮಾಡೋರು, ಹಾಗಾಗಿ ಮಾವ ತೀರಿಕೊಂಡ ಮೇಲೆ ಹೇಳೋ ಕೆಲಸವೂ ನನ್ನದೇ ಆಯ್ತು. ಕೆಲಸ ಮಾಡೋದು ಬೇರೆ, ಯಾವ ಕೆಲಸ ಮೊದಲು ಅಂತ ಗೊತ್ತುಮಾಡೋದು ಬೇರೆ ಅಂತ ಅವಾಗ ಅರ್ಥ ಆಯ್ತು. ಹತ್ತು ಕೆಲಸ ಹತ್ತೂ ಒಂದೇ ಗಂಟಲಲ್ಲಿ ಕೂಗ್ತವೆ. ಯಾವುದರ ಕೂಗೂ ಸಣ್ಣ ಅಲ್ಲ, ದೊಡ್ಡ ಅಲ್ಲ.

ಕೆಲಸ ನಿಲ್ಲಲಿಲ್ಲ, ಅದನ್ನೂ ಹೇಳಬೇಕು. ಔಷಧಿ ಹೊಡೆಸಿದೆ, ಕೊನೆ ಕೊಯ್ಲು ಮಾಡಿಸಿದೆ, ಬೆಳೆಸಾಲ ನವೀಕರಿಸಿದೆ. ಆದರೆ ಅದಕ್ಕೆ ತೆತ್ತ ಬೆಲೆ ಯಾವ ಪಾಸ್‌ಬುಕ್ಕಲ್ಲೂ ಇಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಗೋಡೆಯ ಕ್ಯಾಲೆಂಡರು ನೋಡೋದು. ಫೋನಿನಲ್ಲಿ ಹದಿನಾಲ್ಕು ಅಲಾರಂ. ಸಂಜೆ ಮಗಳು ಬಂದು ಏನೋ ಹೇಳ್ತಾ ಇದ್ದರೆ ಮುಖ ಅವಳ ಕಡೆ, ತಲೆ ಪಂಪ್‌ಸೆಟ್ಟಿನ ಕಡೆ. ಒಂದು ದಿನ ಅವಳು, 'ಅಮ್ಮಾ, ನಾನು ನಿಲ್ಲಿಸಿ ಎಷ್ಟು ಹೊತ್ತಾಯ್ತು ಗೊತ್ತಾ?' ಅಂದಳು. ಡಾಕ್ಟರ ಹತ್ತಿರ ಹೋಗಿದ್ದು ಆ ಮಾತಿಗೆ, ತೋಟಕ್ಕಲ್ಲ.

ಶಿವಮೊಗ್ಗದ ಡಾಕ್ಟ್ರು ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಬರೆದರು. ನಿದ್ದೆ ಕೇಳಿದರು, ಮುಟ್ಟಿನ ವಿಷಯ ಕೇಳಿದರು. ಇವೆಲ್ಲ ಹೆಚ್ಚುಕಮ್ಮಿ ಇದ್ದರೂ ಗಮನ ತಪ್ಪುತ್ತೆ, ಅದನ್ನ ಮೊದಲು ಬದಿಗಿಡಬೇಕಂತೆ. ನಲವತ್ತರ ಮೇಲೆ ಈಸ್ಟ್ರೋಜನ್ ಏರುಪೇರಾಗಿ ಇಳಿಯೋಕೆ ಶುರುವಾದಾಗ ಇದ್ದ ತೊಂದರೆ ಎದ್ದು ಕಾಣೋ ಹೆಂಗಸರು ಬಹಳ ಜನ ಅಂದರು. ಆಮೇಲೆ ನಮ್ಮಮ್ಮನಿಗೆ ಫೋನ್ ಮಾಡಿಸಿ ನನ್ನ ಬಾಲ್ಯ ಕೇಳಿದರು. ಅಮ್ಮ ಅರ್ಧ ಗಂಟೆ ಬಿಡುವಿಲ್ಲದೆ ಹೇಳಿದಳು. ಅಷ್ಟು ಖುಷಿಯಾಗಿ ಹೇಳೋ ಅವಶ್ಯಕತೆ ಇರಲಿಲ್ಲ.

ಕೊನೆಗೆ ಡಾಕ್ಟ್ರು ಅಂದರು, 'ಮಾತ್ರೆ ಇದೆ. ತಗೊಳ್ಳಲೇಬೇಕು ಅಂತಿಲ್ಲ, ಅರ್ಜೆಂಟೂ ಇಲ್ಲ. ಯೋಚನೆ ಮಾಡ್ಕೊಂಡು ಬನ್ನಿ.' ಯೋಚನೆ ಮಾಡೋಕೆ ಹೇಳಿದ್ದು ಯಾರಿಗೆ ನೋಡಿ!

ಅದು ಮಾರ್ಚಿ. ಮಳೆಗಾಲ ಮುಗಿಯೋವರೆಗೆ ಬೇಡ ಅಂತ ಅವತ್ತೇ ಅಂದುಕೊಂಡೆ. ಕೊಳೆರೋಗಕ್ಕೆ ಮೊದಲ ಔಷಧಿ ಮಳೆ ಹಿಡಿಯೋಕೆ ಮುಂಚೆ ಆಗಬೇಕು, ಎರಡನೆಯದು ನಲವತ್ತು ನಲವತ್ತೈದು ದಿನಕ್ಕೆ. ಅದರ ನಡುವೆ ಹೊಸ ಮಾತ್ರೆ ನುಂಗಿ ಹೊಟ್ಟೆ ತೊಳಸಿದರೆ ಮರದ ಕೆಳಗೆ ನಿಲ್ಲೋರು ಯಾರು?

ಎರಡು ಜಾತಿ ಮಾತ್ರೆ ಇವೆ. ಒಂದು ಮೀಥೈಲ್‌ಫೆನಿಡೇಟ್. ನುಂಗಿ ಅರ್ಧ ಮುಕ್ಕಾಲು ಗಂಟೆಗೆ ಕೆಲಸ ಶುರು, ಸಾದಾ ಮಾತ್ರೆಯಾದರೆ ಮೂರು ನಾಲ್ಕು ಗಂಟೆಯಲ್ಲಿ ಇಳಿದುಹೋಗುತ್ತೆ. ನಿಧಾನಕ್ಕೆ ಬಿಡುಗಡೆ ಆಗೋದೂ ಇದೆ, ಅದು ಹಗಲಿನ ಬಹುಪಾಲು ಬರುತ್ತೆ. ಇನ್ನೊಂದು ಅಟೊಮಾಕ್ಸೆಟಿನ್, ಉತ್ತೇಜಕ ಅಲ್ಲ. ದಿನಾ ತಗೋಬೇಕು, ಗುಣ ಕಾಣೋಕೆ ವಾರಗಟ್ಟಲೆ ಕಾಯಬೇಕು. ಮೊದಲನೆಯದರಲ್ಲಿ ಹಸಿವು ಹೋಗಬಹುದು, ನಿದ್ದೆ ಕೆಡಬಹುದು, ನಾಡಿ ಮತ್ತು ಬಿಪಿ ಏರಬಹುದು. ಎರಡನೆಯದರಲ್ಲೂ ಬಿಪಿ ನೋಡ್ಕೋಬೇಕು, ಹೊಟ್ಟೆ ತೊಳಸೋದು, ಬಾಯಿ ಒಣಗೋದು ಇದೆ.

ಬಿಪಿ ನನ್ನ ಮೊದಲ ಹೆದರಿಕೆ. ನಮ್ಮಪ್ಪನಿಗಿತ್ತು, ದೊಡ್ಡಪ್ಪನಿಗೂ ಇತ್ತು. ಇಸಿಜಿ ಮಾಡಿಸಿದೆ, ಎರಡು ವಾರ ದಿನಾ ಬೆಳಿಗ್ಗೆ ಬಿಪಿ ನೋಡಿ ಬರೆದಿಟ್ಟೆ. ಸರಿಯಾಗಿತ್ತು. ಈ ಹೆದರಿಕೆ ಹೀಗೆ ಕಾಗದದ ಮೇಲೆ ತೀರೋವಂಥದ್ದು. ಉಳಿದವು ಹಾಗೆ ತೀರಲ್ಲ.

ಕಳೆನಾಶಕ ಮುಟ್ಟದ ನಾನು ತಲೆಗೆ ರಾಸಾಯನಿಕ ಹಾಕ್ಕೊಳ್ಳೋದಾ ಅಂತ ತಂಗಿಯ ಗಂಡ ತಮಾಷೆ ಮಾಡಿದರು. ತಮಾಷೆಯಾದರೂ ಅದು ಚುಚ್ಚಿತು, ಯಾಕೆಂದರೆ ನನ್ನೊಳಗೂ ಅದೇ ಪ್ರಶ್ನೆ ಇತ್ತು. ಆಮೇಲೆ ಯೋಚಿಸಿದೆ, ಮೈಲುತುತ್ತ ರಾಸಾಯನಿಕ ಅಲ್ವಾ? ಲೆಸ್ಲಿ ಕೋಲ್ಮನ್ ಸಾಹೇಬರು ಮೈಸೂರು ಸಂಸ್ಥಾನದಲ್ಲಿದ್ದಾಗ ಕೊಳೆಗೆ ಬೋರ್ಡೋ ಹೊಡೀರಿ ಅಂದರು, ಇವತ್ತಿಗೂ ಹೊಡೀತೀವಿ. ಆ ಬೋರ್ಡೋ ಹುಟ್ಟಿದ್ದೂ ವಿಚಿತ್ರ. ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಹಣ್ಣು ಕೀಳದ ಹಾಗೆ ದಾರಿ ಬದಿಯ ಬಳ್ಳಿಗೆ ತುತ್ತ ಸುಣ್ಣ ಬಳೀತಿದ್ದರು, ಆ ಬಳ್ಳಿಗೆ ರೋಗ ಬರಲಿಲ್ಲ ಅಂತ ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದ. ಮೀಥೈಲ್‌ಫೆನಿಡೇಟಿನ ಕಥೆಯೂ ಹಾಗೇ ಇದೆ. 1944ರಲ್ಲಿ ಸ್ವಿಟ್ಜರ್‌ಲೆಂಡಿನ ಸೀಬಾ ಕಂಪನಿಯ ಪನಿಜೋನ್ ಅದನ್ನ ತಯಾರಿಸಿದ. ಅವನ ಹೆಂಡತಿ ರೀಟಾ ಟೆನಿಸ್ ಆಡೋಕೆ ಮುಂಚೆ ಅದನ್ನ ತಗೊಳ್ತಿದ್ದಳಂತೆ, ರಿಟಾಲಿನ್ ಅನ್ನೋ ಹೆಸರು ಅವಳದ್ದೇ. ಅಂದರೆ ಇದನ್ನ ಮೊದಮೊದಲು ನುಂಗಿದವರಲ್ಲಿ ಒಬ್ಬಳು ದೊಡ್ಡ ಹೆಂಗಸು. ಮಕ್ಕಳ ಮಾತ್ರೆ ಅಂತ ಹೆಸರು ಬಿದ್ದದ್ದು ಆಮೇಲೆ.

ಅತ್ತೆಯ ಚಿಂತೆ ಬೇರೆ. 'ಊರಲ್ಲಿ ತಲೆ ಮಾತ್ರೆ ಅಂತಾರೆ ಕಣೇ. ನಾಳೆ ಹುಡುಗಿಗೆ ಗಂಡು ನೋಡೋ ಹೊತ್ತಿಗೆ ಇದನ್ನೇ ಎತ್ತಾಡ್ತಾರೆ' ಅಂದರು. ನಾನು ಜಗಳಕ್ಕೆ ಹೋಗಲಿಲ್ಲ. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅದು ಮಾತ್ರೆಯ ದೋಷವಲ್ಲ, ಊರಿನ ದೋಷ, ಅದಕ್ಕೆ ನಾನು ನಿದ್ದೆ ಕೊಡಬೇಕಾಗಿಲ್ಲ ಅನ್ನಿಸಿತು. ಇವರನ್ನ ಕೇಳಿದರೆ, 'ನಿನ್ನ ತಲೆ, ನೀನೇ ನೋಡು. ಶಿವಮೊಗ್ಗಕ್ಕೆ ಕರ್ಕೊಂಡು ಹೋಗೋದು ನನ್ನ ಜವಾಬ್ದಾರಿ' ಅಂದರು. ಕೆಲವು ಸಲ ಇಷ್ಟು ಕಡಿಮೆ ಮಾತಾಡೋ ಗಂಡ ಇರೋದೂ ಅನುಕೂಲ.

ಆ ಶಿವಮೊಗ್ಗ ಓಡಾಟವೂ ಲೆಕ್ಕಕ್ಕೆ ಬಂತು. ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಷೆಡ್ಯೂಲ್ ಎಕ್ಸ್ ಔಷಧಿ. ಬೇರೆ ಲೈಸೆನ್ಸ್ ಇದ್ದ ಅಂಗಡಿಯೇ ಮಾರಬೇಕು, ಚೀಟಿ ಎರಡು ಪ್ರತಿ ಬೇಕು, ಒಂದನ್ನ ಅಂಗಡಿಯವರು ಎರಡು ವರ್ಷ ಇಟ್ಕೊಳ್ಳಬೇಕು. ನಮ್ಮ ಪೇಟೆಯಲ್ಲಿ ಕೇಳಿದಾಗ ಅಂಗಡಿಯವನು ನನ್ನನ್ನ ಮೇಲಿಂದ ಕೆಳಗೆ ನೋಡಿದ. ಹಾಗಾಗಿ ತಿಂಗಳಿಗೊಂದು ದಿನ ಪ್ರಯಾಣಕ್ಕೆ ಹೋಯ್ತು. ಗಮನ ನಿಲ್ಲದವರಿಗೆ ಇರೋ ಔಷಧಿ ಸಿಗಬೇಕಾದರೆ ಇಷ್ಟು ಗಮನ ಬೇಕು. ಈ ನಿಯಮ ದುರುಪಯೋಗ ತಡೆಯೋಕೆ ಅಂತ ಗೊತ್ತು, ಬೇಡ ಅನ್ನಲ್ಲ. ಆದರೂ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ಯಾರಿಗೂ ಹೇಳಿರಲಿಲ್ಲ. ನನ್ನ ತಲೆ ಹಾರೋ ತಲೆ, ಸರಿ. ಆದರೆ ಹಾಗೆ ಹಾರ್ತಾ ಹಾರ್ತಾನೇ ಅಲ್ವಾ ಎಲೆಚುಕ್ಕಿಯ ಮೊದಲ ಚುಕ್ಕಿ ನನ್ನ ಕಣ್ಣಿಗೆ ಬಿದ್ದದ್ದು? ನೀರು ಬಿಡೋಕೆ ಹೊರಟೋಳು ಕಾಳುಮೆಣಸಿನ ಬಳ್ಳಿ ನೋಡಿ, ಅಲ್ಲಿಂದ ಕಪ್ಪು ಕಡೆ ಹೋಗಿ, ಅಲ್ಲಿ ಜರಿದ ಮಣ್ಣು ಕಂಡದ್ದು? ಮಾತ್ರೆ ಆ ಕಣ್ಣನ್ನೇ ಕಿತ್ತುಕೊಂಡರೆ? ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. 'ಇದು ಅವತ್ತು ತಗೊಂಡರೆ ಅವತ್ತಿಗೆ. ಇಷ್ಟ ಆಗದಿದ್ದರೆ ನಾಳೆ ನೀವು ಮೊದಲಿನ ಹಾಗೇ ಇರ್ತೀರಿ' ಅಂದರು.

ಕೈ ಮುಂದೆ ಹೋಗಿದ್ದು ಆ ಮಾತಿಗೆ. ಬೋರ್ಡೋ ಮಾಡೋವಾಗ ನಾವು ಹಾಗೇ ಅಲ್ವಾ? ನೂರು ಲೀಟರಿಗೆ ಒಂದು ಕಿಲೊ ತುತ್ತ, ಒಂದು ಕಿಲೊ ಸುಣ್ಣ ಅಂತ ಲೆಕ್ಕ ಇದ್ದರೂ ಸುಣ್ಣ ಹಳೇದಾಗಿದ್ದರೆ ಲೆಕ್ಕ ತಪ್ಪುತ್ತೆ. ಅದಕ್ಕೇ ಉಜ್ಜಿದ ಕತ್ತಿ ಅದ್ದಿ ನೋಡೋದು. ಕೆಂಪಗೆ ತಾಮ್ರ ಹಿಡಿದರೆ ಇನ್ನೊಂದಿಷ್ಟು ಸುಣ್ಣ, ಹಿಡಿಯದಿದ್ದರೆ ಡ್ರಮ್ಮು ತಯಾರು. ಸಣ್ಣ ಡೋಸಲ್ಲಿ ಶುರು ಮಾಡಿ, ಮೂರು ತಿಂಗಳು ದಿನಾ ನೋಟ್‌ಬುಕ್ಕಲ್ಲಿ ಬರೆದು, ನೋಡಿ ಮುಂದೆ ಹೋಗೋಣ ಅಂತ ಒಪ್ಪಂದ ಆಯ್ತು.

ದೀಪಾವಳಿಗೆ ಮುಂಚೆ ಒಂದು ಸೋಮವಾರ ಶುರು ಮಾಡಿದೆ. ಏನೋ ಆಗುತ್ತೆ ಅಂತ ಕಾದು ಕೂತೆ, ಏನೂ ಆಗಲಿಲ್ಲ. ಆಳಿನ ಲೆಕ್ಕದ ಪುಸ್ತಕ ತೆಗೆದೆ. ಮುಗಿಸಿ ಎದ್ದಾಗ, ನಡುವೆ ಒಂದು ಸಲವೂ ಎದ್ದಿಲ್ಲ ಅಂತ ಹೊಳೀತು. ಹತ್ತೂ ಕೆಲಸ ಇದ್ದವು, ಆದರೆ ಸಾಲಾಗಿ ನಿಂತಿದ್ದವು. ಆನಂದ ಅಂತೇನಿಲ್ಲ, ಬರೀ ನಿಶ್ಶಬ್ದ. ಸ್ವಲ್ಪ ಅಳು ಬಂತು, ಯಾಕೆ ಅಂತ ವಿವರಿಸೋಕೆ ಹೋಗಲ್ಲ.

ಕೆಟ್ಟದ್ದೂ ನೋಟ್‌ಬುಕ್ಕಲ್ಲಿದೆ. ಮಧ್ಯಾಹ್ನ ಊಟ ಸೇರಲ್ಲ, ಅದಕ್ಕೆ ಬೆಳಿಗ್ಗೆ ಮಾತ್ರೆಗೆ ಮುಂಚೆ ಗಟ್ಟಿಯಾಗಿ ತಿಂತೀನಿ. ಕಾಫಿ ಎರಡಕ್ಕೆ ಇಳೀತು, ಇಲ್ಲದಿದ್ದರೆ ಎದೆ ಡವಡವ. ಮಾತ್ರೆ ಇಳಿಯೋ ಹೊತ್ತಿಗೆ ಒಂದರ್ಧ ಗಂಟೆ ಸಿಡುಕು, ಆ ಹೊತ್ತಿಗೆ ಕೊಟ್ಟಿಗೆಗೆ ಹೋಗಿ ಹಸುವಿನ ಹತ್ತಿರ ಇರ್ತೀನಿ, ಅದಕ್ಕೇನೂ ಬೇಜಾರಿಲ್ಲ. ತೋಟ ಸುಮ್ಮನೆ ಸುತ್ತೋ ಭಾನುವಾರ ಡಾಕ್ಟರನ್ನ ಕೇಳಿಯೇ ಮಾತ್ರೆ ಬಿಡ್ತೀನಿ. ಹಾರೋ ಕಣ್ಣು ಅವತ್ತು ವಾಪಸ್ ಬರುತ್ತೆ. ಅಲಾರಂ ಹದಿನಾಲ್ಕಿದ್ದದ್ದು ಐದಾಗಿವೆ. ಐದು ಬೇಕೇ ಬೇಕು, ಮಾತ್ರೆ ಮಾವನ ಕೆಲಸ ಮಾಡಲ್ಲ. ಬೆಳಿಗ್ಗೆ ಸ್ಲೇಟಲ್ಲಿ ಮೂರು ಕೆಲಸ ಬರೆಯೋದು ಈಗ ಮಗಳ ಡ್ಯೂಟಿ, ಅವಳಿಗೆ ಅದು ಮಜಾ.

ನಿಮ್ಮಲ್ಲಿ ಯಾರಿಗಾದರೂ ಇದು ನನ್ನದೇ ಕಥೆ ಅನ್ನಿಸಿದರೆ ಗೂಗಲ್ ಪರೀಕ್ಷೆ ಮಾಡಿ ಕೂರಬೇಡಿ, ನನ್ನ ಮಾತ್ರೆಯ ಹೆಸರು ಹಿಡ್ಕೊಂಡು ಅಂಗಡಿಗೂ ಹೋಗಬೇಡಿ. ಡಾಕ್ಟರ ಹತ್ತಿರ ಹೋಗಿ. ಎಲ್ಲಿಗೆ ಹೋಗೋದು ಅಂತ ಗೊತ್ತಾಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416 ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ತಗೊಳ್ಳದೇ ಇರೋ ತೀರ್ಮಾನವೂ ತೀರ್ಮಾನವೇ. ನನ್ನ ಚಿಕ್ಕಮ್ಮನ ಮಗಳು ಹಾಗೇ ಮಾಡಿದಳು, ಅವಳ ಬಿಪಿ ಒಪ್ಪಲಿಲ್ಲ. ಪಟ್ಟಿ, ನಿದ್ದೆ, ಕೌನ್ಸೆಲಿಂಗ್ ಹಿಡ್ಕೊಂಡು ನಡೆಸ್ತಿದಾಳೆ.

ಮೂರು ತಿಂಗಳಿಗೆ ಇನ್ನೂ ಮೂರು ವಾರ ಇದೆ. ಶುಕ್ರವಾರ ಶಿವಮೊಗ್ಗ. ಚೀಟಿಯ ಎರಡೂ ಪ್ರತಿ ಕಾರಿನಲ್ಲಿಟ್ಟಾಯ್ತು, ಕಳೆ ಹೊಡೆಯೋ ಮಷೀನಿನ ಕಾರ್ಬುರೇಟರೂ ಅದರ ಪಕ್ಕದಲ್ಲೇ ಇದೆ.