ಎಂಬತ್ತೆಂಟು ಗ್ರಾಂ ಅದಿರು

ಸಿಂಧನೂರಿಗೆ ರೈಲು ಹೊಸದು, ಹೇರು ಹಳೆಯದು. 1990ರ ದಶಕದಲ್ಲಿ ಮಂಜೂರಾದ ಮುನಿರಾಬಾದ್–ಮಹಬೂಬನಗರ ಮಾರ್ಗ ಕಾರಟಗಿ ದಾಟಿ ನಮ್ಮೂರು ಮುಟ್ಟಿದ್ದು 2024ರಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ ಅಲ್ಲಿಯತನಕ ಟ್ರ್ಯಾಕ್ಟರ್, ಲಾರಿಗಳನ್ನೇ ನಂಬಿತ್ತು. ಹೀಗಾಗಿ ಮೇಜಿನ ಮೇಲೆ ಪುಟ್ಟ ರೈಲು ಓಡಿಸುವ ನನ್ನ ಹುಚ್ಚನ್ನು ಜನ ಹೇರಿನ ಕಣ್ಣಿನಿಂದಲೇ ನೋಡುತ್ತಾರೆ. ಪಕ್ಕದ ಮನೆಯ ಹಮಾಲಿ ಕಾಕಾ ಕೇಳಿಯೇಬಿಟ್ಟರು: “ಖಾಲಿ ಡಬ್ಬಿ ಓಡಿಸಿದ್ರ ಡೀಸೆಲ್ ಖರ್ಚು ಯಾರು ಕೊಡ್ತಾರ್ರೀ?”

ನ್ಯಾಯವಾದ ಪ್ರಶ್ನೆ. ಅಕ್ಕಿಯನ್ನೇ ತುಂಬೋಣವೆಂದರೆ ಅದು ಹೋಗುವುದು ಬಿಸಿಎನ್ ಎಂಬ ಮುಚ್ಚಿದ ವ್ಯಾಗನ್ನಿನಲ್ಲಿ. ಊರಿನ ಹೆಮ್ಮೆಯನ್ನೆಲ್ಲ ಒಳಗಿಟ್ಟರೂ ಹೊರಗೆ ಕಾಣುವುದು ಬಾಗಿಲು ಮಾತ್ರ. ಉಳಿದದ್ದು ತೆರೆದ ಬಾಕ್ಸ್‌ಎನ್. ಶಕ್ತಿನಗರದ ಶಾಖೋತ್ಪನ್ನ ಸ್ಥಾವರಕ್ಕೆ ಕಲ್ಲಿದ್ದಲು, ಸಂಡೂರು–ಹೊಸಪೇಟೆ ಕಡೆಯ ಕಬ್ಬಿಣದ ಅದಿರು, ಎರಡೂ ಅದರದೇ ಪಾಲು.

ಎಡವಟ್ಟಾಗುವುದು ಇಲ್ಲೇ. ಬಾಕ್ಸ್‌ಎನ್ನಿನ ಒಳಜಾಗ ಸುಮಾರು 56 ಘನ ಮೀಟರ್, ಹೊರುವ ಭಾರ ಮೂಲ ಲೆಕ್ಕದಲ್ಲಿ 58 ಟನ್. ಹಗುರಾದ ಕಲ್ಲಿದ್ದಲು ಅಂಚಿನತನಕ ಬರುತ್ತದೆ. ಅದಿರು ಅದರ ಎರಡು ಪಟ್ಟಿಗೂ ಮಿಕ್ಕಿ ತೂಗುವುದರಿಂದ ಅರ್ಧ ಡಬ್ಬಿ ತುಂಬುವ ಮೊದಲೇ ತೂಕ ಮುಗಿಯಿತು! ಮಾದರಿ ಮಾಡುವವರು ಮಾತ್ರ ಎರಡನ್ನೂ ಮದುವೆಮನೆಯ ಬೂಂದಿಯ ಹಾಗೆ ಗೋಪುರ ಕಟ್ಟುತ್ತಾರೆ.

ತೂಕದ ಲೆಕ್ಕ ಇನ್ನೂ ಮಜಾ. 87ರಲ್ಲೊಂದು ಪಾಲಿನ ಮಾದರಿಯಲ್ಲಿ ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 58 ಟನ್ ಅದಿರು ಸುಮಾರು 88 ಗ್ರಾಂ ಆಗಿ ಕೂರುತ್ತದೆ. ಹಾಗಂತ ಇಪ್ಪತ್ತು ಡಬ್ಬಿಗೂ ಅಷ್ಟಷ್ಟು ಹೇರಿದರೆ ಪುಟ್ಟ ಎಂಜಿನ್ ಏರಿನಲ್ಲಿ ಮುಷ್ಕರ ಹೂಡುತ್ತದೆ. ಅದಕ್ಕೆ ತಳದಲ್ಲಿ ಥರ್ಮಾಕೋಲ್, ಮೇಲೆ ತೆಳ್ಳಗೆ ಪುಡಿ. ನೀರು ಬೆರೆಸಿದ ಫೆವಿಕಾಲ್‌ಗೆ ಒಂದು ಹನಿ ಸೋಪಿನ ನೀರು ಸೇರಿಸಿ ಡ್ರಾಪರ್‌ನಿಂದ ಬಿಟ್ಟರೆ ಪುಡಿ ಕದಲದೆ ಹೀರಿಕೊಳ್ಳುತ್ತದೆ. ಅಂಗೈಯಗಲದ ಕಲ್ಲಿದ್ದಲು ಇಲ್ಲಿ ಒಂದೇ ಮಿಲಿಮೀಟರ್. ಇಸ್ತ್ರಿ ಅಂಗಡಿಯ ಇದ್ದಿಲನ್ನು ಕುಟ್ಟಿ ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಸಾಕು. ಸಾಸಿವೆ ಸುರಿಯುವವರೂ ಇದ್ದಾರೆ. ಗುಂಡಗಿನ ಕಲ್ಲಿದ್ದಲನ್ನು ಯಾವ ಗಣಿಯೂ ಹೆತ್ತಿಲ್ಲ, ಮೇಲಾಗಿ ಇರುವೆಗಳ ಕಾಟ.

ಅದಿರಿಗೆ ಬರೀ ಇಟ್ಟಿಗೆ ಪುಡಿ ಸಾಲದು, ಬಣ್ಣ ತೀರ ಕಿತ್ತಳೆ. ಸ್ವಲ್ಪ ಇದ್ದಿಲ ಪುಡಿ ಬೆರೆಸಿ ಕಪ್ಪಾಗಿಸಬೇಕು. ಡಬ್ಬಿಯ ಹೊರಮೈಗೂ ಅದೇ ಧೂಳನ್ನು ಸವರಿ. ಬಕೆಟ್ ಯಂತ್ರ ಸುರಿದ ಹೇರು ಗುಡ್ಡೆಗುಡ್ಡೆಯಾಗಿರುತ್ತದೆ, ಹಳಿಯ ಮೇಲಿನ ಸೈಲೋದಿಂದ ಇಳಿದದ್ದು ಉದ್ದಕ್ಕೂ ಒಂದೇ ಸಮ. ಇದು ಪುಸ್ತಕ ನೋಡಿ ಬರುವುದಲ್ಲ. ಅದಿರಿನ ಗಾಡಿ ಹಾದುಹೋಗುವ ಯಾವುದಾದರೂ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿ, ಡಬ್ಬಿಗಳ ಒಳಗೆ ಇಣುಕಿ. ಅಂಟು ಕಲಸುವುದು ಆಮೇಲೆ.