ಆರು ಬಾಯಿ, ನಾಲ್ಕು ಕಿವಿ

ದೇವರು ಮನುಷ್ಯನಿಗೆ ಕೊಟ್ಟಿರುವ ಕಿವಿಗಳು ಎರಡೇ. ಆ ಎರಡಕ್ಕೆ ಶಬ್ದವನ್ನು ಉಣಬಡಿಸಲು ಮನುಷ್ಯನು ಆರು ಸ್ಪೀಕರುಗಳನ್ನು ಮಾಡಿಕೊಂಡಿದ್ದಾನೆ. ಹೊರಗಿನ ಲೋಕದಲ್ಲಿ ಶಬ್ದವು ಸುತ್ತಲಿಂದಲೂ ಬರುವಂತೆ ಮನೆಯೊಳಗಿನ ಸಿನಿಮಾದಲ್ಲಿಯೂ ಬರಲೆಂಬುದು ಅವನ ಹಂಬಲ. ಹಂಬಲದಲ್ಲಿ ತಪ್ಪೇನೂ ಇಲ್ಲ. ಆದರೆ ಆರು ಬಾಯಿಗಳು ಒಟ್ಟಾಗಿ ಮಾತನಾಡತೊಡಗಿದ ಮೇಲೆ, ಮನೆಯಲ್ಲಿದ್ದ ಎರಡು ಬಾಯಿಗಳು ಮಾತು ನಿಲ್ಲಿಸಿದ ಪ್ರಸಂಗವೂ ಉಂಟು.

ಚಿಕ್ಕಬಳ್ಳಾಪುರದಲ್ಲಿ ಸ್ಕಂದಗಿರಿಗೆ ಎದುರಾಗಿರುವ ಬೀದಿಯೊಂದರಲ್ಲಿ ನಿವೃತ್ತ ಕನ್ನಡ ಮೇಷ್ಟರೊಬ್ಬರ ಮನೆ. ಹಿರಿಯರು ಇಂದಿಗೂ ಕಳವಾರ ಬೆಟ್ಟವೆಂದೇ ಕರೆಯುವ, ಸುಮಾರು 1,450 ಮೀಟರ್ ಎತ್ತರದ ಆ ಗಿರಿಯು ಮಹಡಿಯ ಮೇಲೆ ನಿಂತರೆ ಕಣ್ಣಿಗೆ ತುಂಬಿ ಕಾಣುತ್ತದೆ. ಮಕ್ಕಳೆಲ್ಲ ಪರವೂರುಗಳಲ್ಲಿ; ಮನೆಯಲ್ಲಿ ಉಳಿದವರು ಇಬ್ಬರೇ. ರಾತ್ರಿ ಊಟವಾದ ಮೇಲೆ ಒಂದು ಚಿತ್ರವನ್ನು ನೋಡುವುದು, ನೋಡುತ್ತಲೇ ಅದರ ವಿಷಯವಾಗಿ ಜಗಳವಾಡುವುದು ಅವರ ದಿನಚರಿ. ಮಗ ಬಿಟ್ಟುಹೋಗಿದ್ದ ಕಂಪ್ಯೂಟರು ಟೀವಿಗೆ ಜೋಡಿಕೊಂಡು ಚಿತ್ರಮಂದಿರದ ಕೆಲಸ ಮಾಡುತ್ತಿತ್ತು. ಎರಡು ಪುಟ್ಟ ಸ್ಪೀಕರುಗಳು ಹೇಳಿದ್ದನ್ನು ನಾಲ್ಕು ಕಿವಿಗಳು ಸುಖವಾಗಿ ಕೇಳುತ್ತಿದ್ದವು.

ಮೇಷ್ಟರಿಗೆ ಸಾಲದಾಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಆರು ಸ್ಪೀಕರುಗಳ ಒಂದು ಸಂಸಾರವನ್ನೇ ಹೊತ್ತು ತಂದರು. ಎದುರಿಗೆ ಎಡಬಲಕ್ಕೆ ಎರಡು, ನಡುವೆ ಒಂದು, ಕುಳಿತವರ ಪಕ್ಕಕ್ಕೆ, ತುಸು ಹಿಂದೆ, ಎರಡು, ಮೇಜಿನ ಕೆಳಗೆ ಗುಡುಗಿಗೆಂದು ಒಂದು ದಪ್ಪ ಪೆಟ್ಟಿಗೆ.

“ಹಜಾರದ ತುಂಬ ಹೀಗೆ ತಂತಿ ಎಳೆದರೆ ನಾನು ಕಸ ಗುಡಿಸುವುದು ಹೇಗೆ ಅಂದ್ರೆ?” ಎಂದರು ಮನೆಯಾಕೆ.

“ಅಮೆರಿಕದಲ್ಲಿ 1940ರಲ್ಲಿಯೇ ‘ಫ್ಯಾಂಟೇಸಿಯಾ’ ಚಿತ್ರಕ್ಕೆ ಹೀಗೆ ಹಲವು ಕಡೆಯಿಂದ ಧ್ವನಿ ಬರುವ ಏರ್ಪಾಡು ಮಾಡಿದ್ದರು. ನಾವು ಈಗಲಾದರೂ ಕೇಳಬೇಡವೆ?” ಎಂದರು ಮೇಷ್ಟರು. ವಿಶ್ವೇಶ್ವರಯ್ಯನವರ ಮುದ್ದೇನಹಳ್ಳಿಯ ನೆರೆಯಲ್ಲಿದ್ದುಕೊಂಡು ಒಂದು ಯಂತ್ರಕ್ಕೆ ಸೋಲುವುದುಂಟೆ ಎಂಬುದು ಅವರ ನಿಲುವು.

ಮೊದಲ ದಿನ ಎದುರಿನ ಎರಡು ಸ್ಪೀಕರುಗಳು ಮಾತ್ರ ಬಾಯಿ ಬಿಟ್ಟವು. ಹಸಿರು ತಂತಿ ಹಸಿರು ರಂಧ್ರದಲ್ಲಿ, ಕಪ್ಪು ಕಪ್ಪಿನಲ್ಲಿ, ಕಿತ್ತಳೆ ಕಿತ್ತಳೆಯಲ್ಲಿ ಸರಿಯಾಗಿಯೇ ಇದ್ದವು. ಮೂರು ದಿನ ಹುಡುಕಿದ ಮೇಲೆ, ಮನೆಗೆ ನಾಲ್ವರು ಹೊಸಬರು ಬಂದಿರುವ ಸಂಗತಿಯನ್ನು ಕಂಪ್ಯೂಟರಿಗೆ ಯಾರೂ ತಿಳಿಸಿಲ್ಲವೆಂಬುದು ಹೊಳೆಯಿತು. ಧ್ವನಿಯ ಪುಟದಲ್ಲಿ ‘ಸ್ಟೀರಿಯೊ’ ಎಂದಿದ್ದುದನ್ನು ‘5.1’ ಎಂದು ಬದಲಿಸಿ, ಹೊಸ ಚಿತ್ರವೊಂದನ್ನು ಹಾಕಿದರು. ಮಳೆ ಸುರಿಯಿತು! ಎಂಥ ಮಳೆ! ಮನೆಯಾಕೆ ಗಾಬರಿಯಿಂದ ಎದ್ದು, ಮಹಡಿಯ ಮೇಲೆ ಹರವಿದ್ದ ಬಟ್ಟೆಗಳನ್ನು ತರಲು ಓಡಿದರು. ಮೇಷ್ಟರು ಧನ್ಯರಾದರು.

ಮಳೆ ನಿಂತ ಮೇಲೆ ನಾಯಕನೂ ನಾಯಕಿಯೂ ಮಾತಿಗೆ ತೊಡಗಿದರು. ತುಟಿಗಳು ಆಡಿದವು, ಮೇಜಿನ ಕೆಳಗಿನ ಪೆಟ್ಟಿಗೆ ಗುಂಯ್ ಎಂದಿತು, ಮಾತು ಮಾತ್ರ ಕೇಳಲಿಲ್ಲ. ಮೇಷ್ಟರು ಓರೆಗಣ್ಣಿನಿಂದ ಹೆಂಡತಿಯನ್ನು ನೋಡಿದರು. ಆಕೆ ಪರದೆಯನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಆಕೆಯೂ ಓರೆಗಣ್ಣಿನಿಂದ ನೋಡಿದರು. ಆಗ ಮೇಷ್ಟರು ಪರದೆಯನ್ನು ನೋಡುತ್ತಿದ್ದರು. ಅವರು ನಕ್ಕರೆಂದು ಇವರು ನಕ್ಕರು. ಇವರು ನಕ್ಕರೆಂದು ಅವರು.

ಅಂದಿನಿಂದ ಮನೆಯಲ್ಲಿ ಏನೋ ಬದಲಾಯಿತು. ಚಿತ್ರ ಆರಂಭವಾಗುತ್ತಲೇ ಆಕೆಗೆ ಅಡಿಗೆಮನೆಯಲ್ಲಿ ಕೆಲಸ ನೆನಪಾಗುತ್ತಿತ್ತು. “ಹಳೆಯ ಚಿತ್ರವನ್ನೇ ಹಾಕಿ. ಆ ಕಾಲದ ನಟರ ಉಚ್ಚಾರಣೆ ಎಷ್ಟು ಸ್ಪಷ್ಟ!” ಎನ್ನುತ್ತಿದ್ದರು. ಮೇಷ್ಟರೂ ಮರುಮಾತಿಲ್ಲದೆ ಒಪ್ಪುತ್ತಿದ್ದರು. ಒಂದು ರಾತ್ರಿ ಆಕೆ ನಿದ್ರಿಸಿದ ಮೇಲೆ ಅವರು ಕೈಗಡಿಯಾರವನ್ನು ಒಂದು ಕಿವಿಗೆ, ಮತ್ತೊಂದು ಕಿವಿಗೆ ಹಿಡಿದು ನೋಡಿದರು. ಟಿಕ್ ಟಿಕ್ ಕೇಳಿಸಿತು; ಸಮಾಧಾನವಾಗಲಿಲ್ಲ. ಚಿತ್ರದ ಮೇಲಿನ ಜಗಳ ನಿಂತೇಹೋಯಿತು. ಕಥೆಯೇ ತಿಳಿಯದಿದ್ದ ಮೇಲೆ ಯಾವುದಕ್ಕೆಂದು ಜಗಳವಾಡುವುದು?

ಹೀಗಿರಲು ಮೊಮ್ಮಗನು ಸ್ಕಂದಗಿರಿಯನ್ನೇರಲು ಬೆಂಗಳೂರಿನಿಂದ ಬಂದ. ಚಾರಣದ ಚೀಟಿಯನ್ನು ಮೊದಲೇ ಅಂತರ್ಜಾಲದಲ್ಲಿ ಪಡೆದಿದ್ದವನು ನಸುಕಿನಲ್ಲಿಯೇ ಪಾಪಾಗ್ನಿ ಮಠದ ಬಳಿಯಿಂದ ಹತ್ತಿ, ಹಾಳುಬಿದ್ದ ಕೋಟೆಯ ಕಲ್ಲುಗಳ ನಡುವೆ ಸೂರ್ಯೋದಯವನ್ನು ಕಂಡು, ಬಿಸಿಲೇರುವ ಹೊತ್ತಿಗೆ ಮರಳಿದ.

“ಕಾಲ ಕೆಳಗೆಲ್ಲ ಮೋಡ, ಅಜ್ಜಿ. ಊರೇ ಕಾಣಲಿಲ್ಲ. ಆದರೆ ಎಲ್ಲವೂ ಕೇಳುತ್ತಿತ್ತು. ಈ ಕಡೆ ಬಸ್ಸಿನ ಹಾರನ್ನು, ಆ ಕಡೆ ಗುಡಿಯ ಗಂಟೆ, ಹಿಂದೆ ಎಲ್ಲೋ ನಾಯಿ. ಬಂದ ಶಬ್ದ ಒಂದು ಕಿವಿಗಿಂತ ಇನ್ನೊಂದಕ್ಕೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ತಡವಾಗಿ ಮುಟ್ಟುತ್ತದಂತೆ. ಅಷ್ಟರಿಂದಲೇ ಮೆದುಳು ದಿಕ್ಕನ್ನು ಹೇಳಿಬಿಡುತ್ತದೆ. ತಾತ, ನಿಮ್ಮ ಆರು ಸ್ಪೀಕರುಗಳ ಗುಟ್ಟೂ ಅದೇ ಅಲ್ಲವೆ? ಹಾಕಿ, ಕೇಳೋಣ.”

ಮೇಷ್ಟರು ಒಲ್ಲದ ಮನಸ್ಸಿನಿಂದ ಹೊಸ ಚಿತ್ರವನ್ನು ಹಾಕಿದರು. ಎರಡು ನಿಮಿಷ ಕಳೆದಿರಬಹುದು.

“ಇದೇನು ತಾತ, ಮಾತೇ ಕೇಳುತ್ತಿಲ್ಲವಲ್ಲ?”

“ನಿನಗೂ ಕೇಳುತ್ತಿಲ್ಲವೆ?” ಎಂದು ತಾತನೂ ಅಜ್ಜಿಯೂ ಏಕಕಾಲಕ್ಕೆ ಕೇಳಿದರು. ಕೇಳಿದವರು ಬೆಚ್ಚಿ ಒಬ್ಬರನ್ನೊಬ್ಬರು ನೋಡಿದರು.

ಹುಡುಗನಿಗೆ ಈ ನೋಟದ ಅರ್ಥ ತಿಳಿಯಲಿಲ್ಲ. ಅವನು ಪರೀಕ್ಷೆಯ ಗುಂಡಿಯನ್ನು ಒತ್ತಿ ಒಂದೊಂದೇ ಸ್ಪೀಕರಿನಿಂದ ಶಬ್ದ ಹೊರಡಿಸಿದ. ನಡುವಿನದರ ಸರದಿ ಬಂದಾಗ ಅದು ಸುಮ್ಮನಿತ್ತು. ಮೇಜಿನ ಕೆಳಗಿನ ಪೆಟ್ಟಿಗೆ ಗುಂಯ್ ಎಂದಿತು. “ಸಿಕ್ಕಿತು!” ಎಂದ.

ವಿಷಯ ಇಷ್ಟೇ. ಹೊಸ ಚಿತ್ರಗಳಲ್ಲಿ ಪಾತ್ರಗಳ ಸಂಭಾಷಣೆಯೆಲ್ಲ ಬಹುಮಟ್ಟಿಗೆ ನಡುವಿನ ಸ್ಪೀಕರಿನ ಪಾಲು. ಎರಡೇ ಸ್ಪೀಕರುಗಳಿದ್ದಾಗ ಕಂಪ್ಯೂಟರು ಆ ಪಾಲನ್ನು ಎಡಬಲಕ್ಕೆ ಹಂಚಿ ಕೊಡುತ್ತಿತ್ತು. ಆರಾದ ಮೇಲೆ ಹಂಚುವುದನ್ನು ಬಿಟ್ಟಿತು. ಕಿತ್ತಳೆ ತಂತಿ ಒಂದೇ ಆದರೂ ಅದರೊಳಗೆ ಎರಡು ದಾರಿ: ಒಂದು ನಡುವಿನ ಸ್ಪೀಕರಿಗೆ, ಇನ್ನೊಂದು ಗುಡುಗಿನ ಪೆಟ್ಟಿಗೆಗೆ. ಕೆಲವು ಸ್ಪೀಕರುಗಳಲ್ಲಿ ಈ ದಾರಿಗಳು ಅದಲುಬದಲಾಗಿರುತ್ತವೆ. ಗುಡುಗಿನ ಪೆಟ್ಟಿಗೆಗೆ ತಿಳಿದಿರುವುದು ತೀರ ತಗ್ಗಿನ ಸ್ವರಗಳು ಮಾತ್ರ. ಮಾತಿನ ವ್ಯಂಜನಗಳು ಅದಕ್ಕಿಂತ ಎಷ್ಟೋ ಮೇಲಿನವು. ಅದರ ಬಾಯಲ್ಲಿ ಅವು ಹೊರಡಲಾರವು. ಹಳೆಯ ಚಿತ್ರಗಳ ಧ್ವನಿ ಎಡಬಲದಿಂದಲೇ ಬರುತ್ತಿದ್ದುದರಿಂದ ಸ್ಪಷ್ಟವಾಗಿತ್ತು. ಅದರಲ್ಲಿ ನಟರ ಉಚ್ಚಾರಣೆಯ ಹಿರಿಮೆ ಅಷ್ಟೇನೂ ಇರಲಿಲ್ಲ. ಈ ಅದಲುಬದಲನ್ನು ಸರಿಪಡಿಸಲೆಂದೇ ಆ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಚೌಕವಿತ್ತು. ಹುಡುಗ ಅದರಲ್ಲಿ ಗುರುತು ಹಾಕಿದ. ನಾಯಕಿ ಅಚ್ಚಗನ್ನಡದಲ್ಲಿ ಮಾತನಾಡಿದಳು.

1934ರಲ್ಲಿ ‘ಸತಿ ಸುಲೋಚನ’ ತೆರೆಕಂಡು ಕನ್ನಡ ಚಿತ್ರಕ್ಕೆ ಮಾತು ಬಂದಾಗ ಜನರಿಗೆ ಎಷ್ಟು ಸಂತೋಷವಾಗಿತ್ತೋ, ಆ ಹಜಾರದಲ್ಲಿ ಅದಕ್ಕಿಂತ ಕಡಿಮೆಯೇನೂ ಆಗಲಿಲ್ಲ.

ಹುಡುಗ ಸ್ನಾನಕ್ಕೆ ಹೋದ ಮೇಲೆ ಆಕೆ ಮೆಲ್ಲಗೆ ಹೇಳಿದರು: “ನನ್ನ ಕಿವಿಯೇ ಹೋಯಿತೆಂದುಕೊಂಡಿದ್ದೆ. ನಿಮಗೆ ಹೇಳಿದರೆ ಸಂಕಟಪಡುತ್ತೀರೆಂದು ಸುಮ್ಮನಿದ್ದೆ.”

“ನಾನೂ ಅಷ್ಟೇ ಕಣೇ” ಎಂದರು ಮೇಷ್ಟರು.

ಇಬ್ಬರೂ ಸ್ವಲ್ಪ ಹೊತ್ತು ಏನೂ ಆಡಲಿಲ್ಲ. ಪರದೆಯ ಮೇಲೆ ನಾಯಕನು ನಾಯಕಿಯನ್ನು ಬಿಟ್ಟು ಊರಿಗೆ ಹೊರಟಿದ್ದ.

“ಎಲ್ಲ ಆ ಹುಡುಗಿಯದೇ ತಪ್ಪು” ಎಂದರು ಮೇಷ್ಟರು.

“ಆಹಾ! ಅವಳೇನು ಮಾಡಿದಳು? ಬಾಯಿಬಿಟ್ಟು ಒಂದು ಮಾತು ಹೇಳದೆ ಹೊರಟವನು ಅವನಲ್ಲವೆ?” ಎಂದರು ಆಕೆ.

ಸ್ನಾನದ ಮನೆಯಿಂದ ಹೊರಬಂದ ಹುಡುಗನಿಗೆ ಹಜಾರದಲ್ಲಿ ಜೋರಾದ ಜಗಳ ಕೇಳಿಸಿತು. ಧ್ವನಿ ಎಷ್ಟು ಸ್ವಾಭಾವಿಕವಾಗಿ ಬರುತ್ತಿದೆಯೆಂದು ಅವನು ತನ್ನ ಕೈಚಳಕಕ್ಕೆ ತಾನೇ ಮೆಚ್ಚಿಕೊಂಡ.